ಕಾಲೇಜಿನಲ್ಲಿ ಇತಿಹಾಸ ಕಲಿಸಲು ಪಿಎಚ್‌ಡಿ ಬೇಕೇಬೇಕಾ?

ಪ್ರಶ್ನೆ: ನನಗೆ ಚಿಕ್ಕಂದಿನಿಂದ ಇತಿಹಾಸ ಅಂದರೆ ತುಂಬಾ ಇಷ್ಟ. ಮುಂದೆ ಕಾಲೇಜಿನಲ್ಲಿ ಅದನ್ನೇ ಕಲಿಸಬೇಕು ಅಂತಿದ್ದೇನೆ. ಪಿಎಚ್‌ಡಿ ಮಾಡದೆ ಆಗುವುದಿಲ್ಲವಾ?

ಉತ್ತರ: ಎಂಎ ಅಂತೂ ಬೇಕು. ಪಿಎಚ್‌ಡಿ ಮಾತು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಎಂಎಯಲ್ಲಿ 55% ಅಂಕ ಪಡೆದು, ನೆಟ್ (ರಾಷ್ಟ್ರಮಟ್ಟದ) ಅಥವಾ ಸೆಟ್ (ರಾಜ್ಯಮಟ್ಟದ) ಅರ್ಹತಾ ಪರೀಕ್ಷೆ ಪಾಸಾದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಈ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಅಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ನಿಯಮವನ್ನೇ ತಿದ್ದಿತು. ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ (ಹೆಚ್ಚಾಗಿ ಎರಡು ವರ್ಷದ ಕೋರ್ಸಿನ ಕಾಲೇಜುಗಳು) ಸಾಮಾನ್ಯವಾಗಿ ಎಂಎ ಸಾಕು, ವಿಶ್ವವಿದ್ಯಾಲಯದ ಕಾಯಂ ಹುದ್ದೆಗೆ ಪಿಎಚ್‌ಡಿ ಬೇಕು. ಜರ್ಮನಿಯಲ್ಲಂತೂ ಪ್ರೊಫೆಸರ್ ಆಗುವವರು ಪಿಎಚ್‌ಡಿ ಮುಗಿಸಿ ಹ್ಯಾಬಿಲಿಟೇಶನ್ ಎಂಬ ಇನ್ನೊಂದು ದೊಡ್ಡ ಪ್ರಬಂಧ ಬರೆಯುವ ರೂಢಿ ಹಳೆಯದು.

ಆದರೆ ಡಿಗ್ರಿಗಿಂತ ಮೊದಲು ನೋಡಿಕೊಳ್ಳಬೇಕಾದ್ದು ಬೇರೆ ಇದೆ. ರಾಜರ ಕಥೆ, ಯುದ್ಧದ ಕಥೆ ಯಾರಿಗೆ ಇಷ್ಟ ಇಲ್ಲ? ಆ ಕಥೆ ನಿಜ ಅಂತ ಹೇಗೆ ಗೊತ್ತಾಯಿತು ಎಂದು ತೋರಿಸಿಕೊಡುವುದೇ ಈ ಕೆಲಸ.

ಒಂದು ಉದಾಹರಣೆ ಹೇಳುತ್ತೇನೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ರೋಮ್ ಮತ್ತು ಪಶ್ಚಿಮದ ಸೀಮೆಗಳನ್ನು ಪೋಪ್‌ಗೆ ಬಿಟ್ಟುಕೊಟ್ಟ ಎನ್ನುವ ದಾನಪತ್ರವೊಂದಿತ್ತು. ಶತಮಾನಗಳ ಕಾಲ ಜನ ಅದನ್ನು ನಂಬಿದ್ದರು. 1440ರಲ್ಲಿ ಲೊರೆಂಜೊ ವಾಲ್ಲಾ ಎಂಬ ವಿದ್ವಾಂಸ ಅದರ ಲ್ಯಾಟಿನ್ ಅನ್ನು ಸಾಲು ಸಾಲಾಗಿ ಪರೀಕ್ಷಿಸಿದ. ಕಾನ್‌ಸ್ಟಂಟೈನ್ ಕಾಲದಲ್ಲಿ ಯಾರೂ ಹೀಗೆ ಬರೆಯುತ್ತಿರಲಿಲ್ಲ, ಇದು ನಕಲಿ ಎಂದು ತೋರಿಸಿಬಿಟ್ಟ. ಈಗಿನ ವಿದ್ವಾಂಸರ ಪ್ರಕಾರ ಅದು 8ನೇ ಶತಮಾನದ ಸುಮಾರಿಗೆ ಹುಟ್ಟಿದ್ದು. ಇದನ್ನು ತರಗತಿಯಲ್ಲಿ ಎರಡು ರೀತಿ ಕಲಿಸಬಹುದು. ಇಸವಿ ಬರೆಸಿ ಮುಂದೆ ಹೋಗಬಹುದು. ಇಲ್ಲವೇ ಪತ್ರದ ಅನುವಾದವನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟು, 'ಇದರಿಂದ ಲಾಭ ಯಾರಿಗೆ? ನಿಮಗೆ ಅನುಮಾನ ಎಲ್ಲಿ ಬಂತು?' ಎಂದು ಕೇಳಬಹುದು. ಎರಡನೆಯದಕ್ಕೆ ತಯಾರಿ ಜಾಸ್ತಿ ಬೇಕು. ಪಾಠ ನಿಧಾನವಾಗುತ್ತದೆ. ಆದರೂ ಇತಿಹಾಸ ಕಲಿಸುವುದು ಅಂದರೆ ನನ್ನ ಮಟ್ಟಿಗೆ ಅದೇ. ಈ ಕೆಲಸ ಖುಷಿ ಕೊಡುತ್ತದೆ ಅನ್ನಿಸಿದರೆ ಧೈರ್ಯವಾಗಿ ಬನ್ನಿ.

ವಾಲ್ಲಾಗೆ ಲ್ಯಾಟಿನ್ ಚೆನ್ನಾಗಿ ಗೊತ್ತಿದ್ದರಿಂದಲೇ ಇದೆಲ್ಲ ಸಾಧ್ಯವಾಯಿತು, ಅಲ್ವಾ? ಹಾಗಾಗಿ ಭಾಷೆ ಕಲಿಯುವುದನ್ನು ಮುಂದಕ್ಕೆ ಹಾಕಬೇಡಿ. ಮೊಘಲರ ಮೇಲೆ ಕೆಲಸ ಮಾಡಲು ಪರ್ಷಿಯನ್ ಬೇಕು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಡತಗಳಿಗೆ ಹಳೆಯ ಡಚ್ ಬೇಕು, ಕೈಬರಹ ಓದುವ ಅಭ್ಯಾಸವೂ ಬೇಕು. ಡಿಗ್ರಿಯಲ್ಲಿರುವಾಗಲೇ ಶುರು ಮಾಡಿದವರಿಗೆ ಸಂಶೋಧನೆ ಹಗುರ.

ಇನ್ನು ಕೆಲಸದ ಮಾತು. ಕಾಯಂ ಹುದ್ದೆ ಕಡಿಮೆ, ಕೇಳುವವರು ಜಾಸ್ತಿ. ಒಂದೊಂದು ಸೆಮಿಸ್ಟರಿನ ಮಟ್ಟಿಗೆ ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳುವ ಪದ್ಧತಿ ಹಲವು ದೇಶಗಳಲ್ಲಿದೆ. ಸಂಬಳ ಕಡಿಮೆ, ರಜೆಯಲ್ಲಿ ಅದೂ ಇಲ್ಲ. ಎಷ್ಟೋ ಒಳ್ಳೆಯ ಮೇಷ್ಟ್ರುಗಳು ವರ್ಷಗಟ್ಟಲೆ ಹೀಗೇ ಇರುತ್ತಾರೆ. ಇದು ಅನ್ಯಾಯ, ಆದರೆ ಬರುವ ಮೊದಲೇ ನಿಮಗೆ ಗೊತ್ತಿರಬೇಕು. ಅದಕ್ಕೇ ಫೆಲೋಶಿಪ್ (ಸಂಶೋಧನೆಗೆ ಕೊಡುವ ಧನಸಹಾಯ) ಸಿಗದೆ ಪಿಎಚ್‌ಡಿಗೆ ಇಳಿಯಬೇಡಿ ಅನ್ನುತ್ತೇನೆ. ಎಂಎ ಮಾಡುವಾಗಲೇ ಪತ್ರಾಗಾರ, ಮ್ಯೂಸಿಯಂ, ಪ್ರಕಾಶನದಲ್ಲೂ ಸ್ವಲ್ಪ ಕೆಲಸ ಕಲಿತಿರಿ. ಹುದ್ದೆಗೆ ಕಾಯುವ ವರ್ಷಗಳಲ್ಲಿ ಇದೇ ಓದು ಅಲ್ಲೂ ಸಂಬಳ ತಂದುಕೊಡುತ್ತದೆ.