ಮದುವೆ ಕರ್ಚೀಫಿನ ಮೂಲೆಯಲ್ಲಿ ಅಕ್ಷರ ಹಾಕಿದರೆ ಬಟ್ಟೆ ಮುದುಡುವುದೇಕೆ?

ಪ್ರಶ್ನೆ: ಮೇ ತಿಂಗಳಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ತಂಗಿಯ ಮದುವೆ. ಅವಳು ಕೈಯಲ್ಲಿ ಹಿಡಿಯುವ ಬಿಳಿ ಮಲ್ (ತೆಳು ಹತ್ತಿ ಬಟ್ಟೆ) ಕರ್ಚೀಫಿನ ಮೂಲೆಗೆ ಇಬ್ಬರ ಹೆಸರಿನ ಅಕ್ಷರ ಹಾಕಿಕೊಡಬೇಕು ಅಂದುಕೊಂಡಿದ್ದೇನೆ. ಹಳೆಯದೊಂದರ ಮೇಲೆ ಹಾಕಿ ನೋಡಿದೆ. ಬಟ್ಟೆ ಬಿಗಿಯಾಗಿ ಹಿಡಿಯುವ ಕಸೂತಿ ರಿಂಗಿನಲ್ಲಿ ಇರುವಷ್ಟು ಹೊತ್ತು ಚೆನ್ನಾಗಿತ್ತು, ಬಿಚ್ಚಿದ ಕೂಡಲೇ ಅಕ್ಷರದ ಸುತ್ತ ಸುಕ್ಕು. ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಯಾಕೆ?

ಉತ್ತರ: ಆ ಸುಕ್ಕು ಹುಟ್ಟಿದ್ದು ರಿಂಗಿಗೆ ಬಟ್ಟೆ ಸಿಕ್ಕಿಸುವಾಗಲೇ. ಬಿಚ್ಚಿದ ಮೇಲೆ ಕಣ್ಣಿಗೆ ಬಿತ್ತು, ಅಷ್ಟೆ. ಮೂಲೆಗೆ ಮುಖ ಮಾಡಿ ನಿಲ್ಲುವ ಅಕ್ಷರ ಬಟ್ಟೆಯ ಓರೆಯ ಮೇಲೆ ಕೂರುತ್ತದೆ. ಹಾಸಿನ (ಉದ್ದ ನೂಲು) ಉದ್ದಕ್ಕೋ ಹೊಕ್ಕಿನ (ಅಡ್ಡ ನೂಲು) ಉದ್ದಕ್ಕೋ ಎಳೆದರೆ ಮಲ್ ಜಗ್ಗುವುದಿಲ್ಲ; ಓರೆಯಾಗಿ ಎಳೆದರೆ ಸಲೀಸಾಗಿ ಹಿಗ್ಗುತ್ತದೆ. ಮೂಲೆ ಚಿಕ್ಕದು, ರಿಂಗಿನ ಎರಡು ಬದಿಗೆ ಬಟ್ಟೆ ಎಟುಕುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ: ಸಿಕ್ಕ ಬದಿಯಿಂದ ಬಿಗಿಯಾಗಿ ಜಗ್ಗುವುದು. ಹಿಗ್ಗಿದ ಬಟ್ಟೆಯ ಮೇಲೆ ಒತ್ತೊತ್ತಾಗಿ ಹೊಲಿಗೆ ಬೀಳುತ್ತದೆ. ರಿಂಗ್ ಬಿಚ್ಚಿದಾಗ ಸುತ್ತಲಿನ ಬಟ್ಟೆ ತನ್ನ ಅಳತೆಗೆ ಮರಳುತ್ತದೆ, ಹೊಲಿಗೆ ಹಿಡಿದಿಟ್ಟ ಜಾಗ ಮರಳುವುದಿಲ್ಲ. ಇಸ್ತ್ರಿ ಪೆಟ್ಟಿಗೆಯಿಂದ ಇದು ಸರಿಹೋಗುವ ಮಾತಲ್ಲ.

ಆದ್ದರಿಂದ ಮೂಲೆಗೆ ಅಕ್ಕಪಕ್ಕದ ಬಟ್ಟೆಯನ್ನು ಸಾಲ ಕೊಡಬೇಕು. ಒಗೆದು ಮೆತ್ತಗಾದ ಹಳೆ ಬಿಳಿ ಪಂಚೆಯಲ್ಲಿ 8 ಇಂಚಿನ ಚೌಕ ಕತ್ತರಿಸಿ, ಇಸ್ತ್ರಿ ಮಾಡಿ. ಕರ್ಚೀಫಿನ ಮೂಲೆಯನ್ನು ಅದರ ನಡುವೆ ಮಲಗಿಸಿ. ಎರಡರ ನೂಲಿನ ದಿಕ್ಕೂ ಒಂದೇ ಇರಲಿ. ಅಂಚು ಮಡಿಚಿದ ಹೊಲಿಗೆಯ ಗುಂಟ ಎರಡೂ ಬದಿಗೆ ಸಣ್ಣ ಕಚ್ಚಾ ಹೊಲಿಗೆ ಹಾಕಿ, ಸೂಜಿಯ ತೂತು ಆ ಹೊಲಿಗೆಯಲ್ಲೇ ಮುಚ್ಚಿಹೋಗುತ್ತದೆ. ಮೂಲೆಯಿಂದ ನಾಲ್ಕು ಇಂಚು ಒಳಗೆ ಅಡ್ಡಲಾಗಿ ಇನ್ನೊಂದು ಸಾಲು. ಈಗ ತಿರುಗಿಸಿ, ಅಕ್ಷರ ಬರುವ ಜಾಗದ ಹಿಂದಿನ ಪಂಚೆಯನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಕಚ್ಚಾ ಹೊಲಿಗೆಯಿಂದ ಒಳಗೆ ಒಂದು ಸೆಂ.ಮೀ. ಪಂಚೆ ಉಳಿಯಲಿ. ಕತ್ತರಿಯ ಮೊನೆ ಮಲ್ ಕಡೆಗೆ ತಿರುಗದಂತೆ ನೋಡಿಕೊಳ್ಳಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಆಮೇಲೆ 4 ಇಂಚಿನ ರಿಂಗಿಗೆ ಹಾಕಿ. ಒಳ ಬಳೆಗೆ ಹತ್ತಿಯ ಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ, ಗುರುತೂ ಬೀಳುವುದಿಲ್ಲ. ಬಿಗಿ ಮಾಡುವಾಗ ಪಂಚೆಯನ್ನು ಹಾಸು ಹೊಕ್ಕಿನ ದಿಕ್ಕಿನಲ್ಲಿ ಮಾತ್ರ ಎಳೆಯಿರಿ.

ಬಟ್ಟೆ ಹಿಗ್ಗಿದೆಯೋ ಇಲ್ಲವೋ ತಿಳಿಯಲು ಸುಲಭದ ಉಪಾಯವಿದೆ. ಅಕ್ಷರವನ್ನು ರಿಂಗಿಗೆ ಹಾಕುವ ಮೊದಲೇ ಬಿಡಿಸಿಕೊಳ್ಳಿ. ರಿಂಗಿನಲ್ಲಿ ಅದು ಕಾಗದದ ಮೇಲಿನದಕ್ಕಿಂತ ದಪ್ಪಗೆ ಅಥವಾ ವಾಲಿದಂತೆ ಕಂಡರೆ ಎಳೆತ ಹೆಚ್ಚಾಯಿತು, ಸಡಿಲಿಸಿ.

ಬಿಡಿಸಲು ಮಲ್ ಕೆಳಗೆ ಕಾಗದವಿಟ್ಟರೆ ಸಾಕು, ಗೆರೆ ತೂರಿ ಕಾಣುತ್ತದೆ. ನೀರಿಗೆ ಹೋಗುವ ನೀಲಿ ಪೆನ್ನು ಬಳಸಿದರೆ ಮುಗಿದ ಮೇಲೆ ಮೊದಲು ಬರೀ ತಣ್ಣೀರಿನಲ್ಲಿ ಅದ್ದಿ. ಸೋಪು ಆಮೇಲೆ, ಇಸ್ತ್ರಿ ಎಲ್ಲಕ್ಕಿಂತ ಕೊನೆಗೆ. ಬಿಸಿ ತಾಗಿದರೆ ಆ ನೀಲಿ ಬಟ್ಟೆಯಲ್ಲೇ ನಿಂತುಬಿಡುತ್ತದೆ. ಆಫೀಸಿನ ಕಾರ್ಬನ್ ಕಾಗದದ ಹತ್ತಿರ ಹೋಗಬೇಡಿ.

ಯಾವ ಅಕ್ಷರ ಎಂಬುದನ್ನೂ ಯೋಚಿಸಿ. ಪುಸ್ತಕಗಳಲ್ಲಿ ಸಿಗುವ ಮೂರಕ್ಷರದ ಇಂಗ್ಲಿಷ್ ನಮೂನೆಯಲ್ಲಿ ನಡುವಿನ ದೊಡ್ಡ ಅಕ್ಷರ ಮನೆತನದ್ದು. ಕೊಡವ ಹೆಸರಿನಲ್ಲಿ ಮನೆ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ಕೊಡಂದೇರ ಒಕ್ಕದ (ಮನೆತನದ) ಹೆಸರು, ಮಾದಪ್ಪ ತಂದೆಯ ಹೆಸರು. ಹೆಸರಿನ ಕ್ರಮದಲ್ಲೇ ಮೂರಕ್ಷರ ಇಟ್ಟು ನಡುವಿನದನ್ನು ದೊಡ್ಡದು ಮಾಡಿದರೆ ಮೆರೆಯುವುದು ತಂದೆಯ ಹೆಸರು! ಮದುವಣಗಿತ್ತಿಯ ಒಕ್ಕವೂ ಮದುವೆಯ ದಿನವೇ ಬದಲಾಗುತ್ತದೆ. ಒಕ್ಕದ ಅಕ್ಷರ ಬಿಟ್ಟು ಇಬ್ಬರ ಸ್ವಂತ ಹೆಸರಿನ ಒಂದೊಂದು ಅಕ್ಷರ ಹಾಕುವುದೇ ಚೆಂದ ಎಂಬುದು ನಮ್ಮ ಅಭಿಪ್ರಾಯ.

ಇಂಗ್ಲಿಷ್ ಅಕ್ಷರಕ್ಕೆ 2 ಸೆಂ.ಮೀ. ಎತ್ತರ ಸಾಕು. ಕನ್ನಡಕ್ಕೆ ಎರಡೂವರೆ ಬೇಕು. ದಾರ ಕೂತಂತೆ ಗೆರೆ ಎರಡೂ ಬದಿಗೆ ಉಬ್ಬುತ್ತದೆ, ಸಂದು ಮುಚ್ಚುತ್ತದೆ. ಪೊನ್ನಪ್ಪ ಎಂಬ ಹೆಸರಿನ ‘ಪ’ದ ತಲೆಯ ಮೇಲಿನ ಸಂದು ಮುಚ್ಚಿದರೆ ಅದು ‘ವ’ ಆಯಿತು. ಅಂಥ ಸಂದು 2 ಮಿ.ಮೀ.ಗಿಂತ ಕಡಿಮೆ ಇರದಂತೆ ಬರೆದುಕೊಳ್ಳಿ. ತಲೆಕಟ್ಟು, ಕೊಂಬು ಇವನ್ನು ಸ್ಟೆಮ್ ಸ್ಟಿಚ್‌ನಲ್ಲಿ (ಹುರಿಯಂತೆ ಕಾಣುವ ಗೆರೆ ಹೊಲಿಗೆ) ಒಂದೇ ಗೆರೆಯಾಗಿ ಬಿಡಿ. ದಪ್ಪ ಬೇಕಾದ ಹೊಟ್ಟೆಯ ಭಾಗಕ್ಕೆ ಮಾತ್ರ ಸ್ಯಾಟಿನ್ ಸ್ಟಿಚ್ (ಎಳೆಗಳನ್ನು ಪಕ್ಕಪಕ್ಕ ಒತ್ತಾಗಿ ತುಂಬುವ ಹೊಲಿಗೆ), ಅದೂ 2–3 ಮಿ.ಮೀ. ಅಗಲ. ಅಗಲವಾದಷ್ಟೂ ಉದ್ದದ ಎಳೆಗಳು ಬಳೆಗೆ, ಉಂಗುರಕ್ಕೆ ಸಿಕ್ಕಿ ಏಳುತ್ತವೆ.

ಆರೆಳೆಯ ಹತ್ತಿ ದಾರದಲ್ಲಿ ಒಂದೇ ಎಳೆ ತೆಗೆದುಕೊಳ್ಳಿ. ಎರಡೆಳೆ ಮಲ್‌ಗೆ ಭಾರ. ಸೂಜಿ 10 ನಂಬರಿನ ಎಂಬ್ರಾಯ್ಡರಿ ಸೂಜಿ. ದಾರ ಹದಿನಾರು ಇಂಚಿಗಿಂತ ಉದ್ದವಾದರೆ ಕೊನೆಯ ಹೊಲಿಗೆ ಹಾಕುವ ಹೊತ್ತಿಗೆ ನಯ ಹೋಗಿ ಪುರುಪುರು ಆಗಿರುತ್ತದೆ. ಜರಿ ಬೇಡ; ತೆಳು ಬಟ್ಟೆಯನ್ನು ತರಚುತ್ತದೆ, ಮುಖಕ್ಕೂ ಚುಚ್ಚುತ್ತದೆ. ಮದುವೆಯ ಕೆಂಪು ಸೀರೆಗೆ ಹೊಂದಲಿ ಎಂದು ಕೆಂಪು ದಾರ ಆರಿಸಿದರೆ, ಒಂದು ಗೇಣು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿಡಿ. ಬಣ್ಣ ಹತ್ತಿದರೆ ಆ ಲಡಿ ಬೇರೆ ಕೆಲಸಕ್ಕಿರಲಿ.

ಮೊದಲು ಅಕ್ಷರದ ಅಂಚಿಗೆ ಸಣ್ಣ ಬ್ಯಾಕ್ ಸ್ಟಿಚ್ (ಸೂಜಿ ಹಿಂದಕ್ಕೆ ಚುಚ್ಚುತ್ತ ಮುಂದೆ ಸಾಗುವ ಹೊಲಿಗೆ). ಒಳಗೆ ಉದ್ದುದ್ದಕ್ಕೆ ಸರಪಳಿ ಹೊಲಿಗೆ ತುಂಬಿ, ಅದರ ಮೇಲೆ ಅಡ್ಡಲಾಗಿ ಸ್ಯಾಟಿನ್. ಬಾಗಿನಲ್ಲಿ ಒಳ ಅಂಚಿಗೆ ಜಾಗ ಕಡಿಮೆ. ಮೂರು ಹೊಲಿಗೆಗೊಂದನ್ನು ಒಳ ಅಂಚು ಮುಟ್ಟದೆ ಗಿಡ್ಡ ಬಿಡಿ. ಪ್ರತಿ ಹೊಲಿಗೆಯಲ್ಲೂ ದಾರ ಬಟ್ಟೆಗೆ ತಾಗಿದ ಕೂಡಲೇ ಕೈ ನಿಲ್ಲಲಿ. ಈ ಹೊಲಿಗೆಗಳು ಓರೆಯ ಗುಂಟವೇ ಬೀಳುವುದರಿಂದ ಬಿಗಿಯಾಗಿ ಎಳೆದರೆ ಮತ್ತೆ ಅದೇ ಸುಕ್ಕು. ಗಂಟು ಹಾಕಬೇಡಿ, ತುದಿಯನ್ನು ಹಿಂಬದಿಯ ಹೊಲಿಗೆಯೊಳಗೆ ನುಗ್ಗಿಸಿ. ಒಂದು ಅಕ್ಷರದಿಂದ ಇನ್ನೊಂದಕ್ಕೆ ಹಿಂದಿನಿಂದ ದಾರ ದಾಟಿಸಿದರೆ ಮಲ್‌ನಲ್ಲಿ ಅದು ಮುಂದಕ್ಕೂ ಕಾಣುತ್ತದೆ.

ನಮ್ಮ ಮಳೆಗಾಲದಲ್ಲಿ ಹೊಲಿಯುವುದಾದರೆ ರಾತ್ರಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಡಬೇಡಿ. ತೇವಕ್ಕೆ ತುಕ್ಕಿನ ಚುಕ್ಕೆ ಮೂಡುತ್ತದೆ, ಅದು ಸೋಪಿಗೆ ಹೋಗುವುದಿಲ್ಲ. ರಿಂಗನ್ನೂ ದಿನಾ ಬಿಚ್ಚಿಡಿ. ಮುಗಿದ ಕರ್ಚೀಫನ್ನು ಒಗೆದು, ದಪ್ಪ ಟವೆಲಿನ ಮೇಲೆ ಅಕ್ಷರ ಕೆಳಮುಖ ಮಾಡಿ ಇಸ್ತ್ರಿ ಹಾಕಿದರೆ ಹೊಲಿಗೆ ಉಬ್ಬಿ ನಿಲ್ಲುತ್ತದೆ. ಗಂಜಿಯನ್ನು ಮದುವೆಯ ಹಿಂದಿನ ದಿನ ಹಾಕಿದರೆ ಸಾಕು. ಗಂಜಿ ಹಾಕಿದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ದಾಟಿಸಿದರೆ ಬೂಷ್ಟು ಹಿಡಿಯುವುದು ಖಂಡಿತ.

ಸಮಯ ಸಾಲದೆ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗೆ ಕೊಡುವುದಾದರೆ, ಕರ್ಚೀಫನ್ನು ಫ್ರೇಮಿಗೆ ಹಾಕದೆ, ನೀರಿನಲ್ಲಿ ಕರಗುವ ಹಾಳೆಯನ್ನು ಫ್ರೇಮಿಗೆ ಹಾಕಿ ಅದರ ಮೇಲೆ ಕರ್ಚೀಫು ಅಂಟಿಸಿ ಹೊಲಿಯಲು ಹೇಳಿ. ಸೂಜಿ 9 ನಂಬರ್, ಹೊಲಿಗೆಯ ಒತ್ತು ಸೀರೆಗೆ ಹಾಕುವುದಕ್ಕಿಂತ ಕಡಿಮೆ. ಮೊದಲು ಅದೇ ಬಟ್ಟೆಯ ತುಂಡಿನ ಮೇಲೆ ಒಂದು ಅಕ್ಷರ ಹಾಕಿಸಿ, ಒದ್ದೆ ಮಾಡಿ ಒಣಗಿಸಿ ನೋಡಿ. ಅದು ಸಪಾಟಾಗಿ ಬಂದರೆ ಕರ್ಚೀಫು ಕೊಡಿ.