ನಸುಕಿಗೆ 2.8, ಹನ್ನೊಂದಕ್ಕೆ 7: ಕೆರೆಯ ಆಮ್ಲಜನಕದ ಲೆಕ್ಕ ಯಾವುದು ಸರಿ?

ಪ್ರಶ್ನೆ: ನಮ್ಮ ಕುಡಿಯುವ ನೀರಿನ ಕೆರೆಗೆ ಸೆನ್ಸರ್ ಯಂತ್ರ ಇಳಿಸಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ‘ಆಮ್ಲಜನಕ 2.8’ (ಲೀಟರಿಗೆ ಮಿಲಿಗ್ರಾಂ) ಅಂತ ಮೊಬೈಲ್ ಬಡಿದುಕೊಳ್ಳುತ್ತೆ. ಹನ್ನೊಂದಕ್ಕೆ ನೀರು ತುಂಬಿ ಲ್ಯಾಬಿಗೆ ಕಳಿಸಿದರೆ 7 ಅಂತ ರಿಪೋರ್ಟು. ಯಾವುದನ್ನು ನಂಬೋದು?

ಉತ್ತರ: ಯಂತ್ರ ಬಹುಶಃ ನಿಜವನ್ನೇ ಹೇಳುತ್ತಿದೆ. ದಾವಣಗೆರೆಯ ಕುಂದವಾಡ ಕೆರೆಯಿರಲಿ, ಚಿತ್ರದುರ್ಗಕ್ಕೂ ನೀರು ಕೊಡುವ ಸೂಳೆಕೆರೆಯಿರಲಿ, ಪಾಚಿ ಕಟ್ಟಿದ ನಿಂತ ನೀರಿನ ಚಾಳಿಯೇ ಇದು. ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದರೆ ಪಾಚಿ, ಮೀನು, ತಳದ ಕೆಸರು ಎಲ್ಲ ಸೇರಿ ಅದನ್ನು ಖಾಲಿ ಮಾಡುತ್ತವೆ. ಮಧ್ಯಾಹ್ನ ಮೂರಕ್ಕೆ ಲೀಟರಿಗೆ 10 ಮಿಲಿಗ್ರಾಂ ಇದ್ದದ್ದು ಸೂರ್ಯ ಹುಟ್ಟುವ ಮುಂಚೆ 3ಕ್ಕೆ ಇಳಿಯಬಹುದು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಕೂಡ ಹೀಗೇ ಹಗಲು ಏರಿ ರಾತ್ರಿ ಇಳಿಯುತ್ತದೆ.

ಅನುಮಾನ ನಮಗೆ ಆ 7ರ ಮೇಲೇ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ 30 ಡಿಗ್ರಿಯ ನೀರು ಗಾಳಿಯಿಂದ ಹೀರಿಕೊಳ್ಳುವುದೇ ಲೀಟರಿಗೆ ಸುಮಾರು 7 ಮಿಲಿಗ್ರಾಂ. ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿ, ಬೈಕಿನಲ್ಲಿ ಕುಲುಕುತ್ತ ಒಯ್ದರೆ ಎಂಥ ನೀರೂ ಆ ಅಂಕಿಯತ್ತ ಬರುತ್ತದೆ. ಸರಿಯಾದ ಕ್ರಮ ಹೀಗೆ: ಗಾಜಿನ ಬಿರಡೆಯ 300 ಮಿ.ಲೀ. ಬಾಟಲಿಯನ್ನು ಒಂದೂ ಗುಳ್ಳೆ ಉಳಿಯದಂತೆ ತುಂಬಿ, ಇದ್ದ ಆಮ್ಲಜನಕವನ್ನು ಹಿಡಿದಿಡಲು ದಡದಲ್ಲೇ 1 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, ಮತ್ತೆ 1 ಮಿ.ಲೀ. ಅಲ್ಕಲಿ ಅಯೋಡೈಡ್ ಅಜೈಡ್ ಬಿಡಬೇಕು. ಕಂದು ಗಸಿ ಇಳಿದರೆ ಆಮ್ಲಜನಕ ಇದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ಆಮೇಲೆ ಲ್ಯಾಬಿಗೆ. ಅದೂ ಎಚ್ಚರಿಕೆ ಬಂದ ನಾಲ್ಕು ಗಂಟೆಗೇ ತುಂಬಿದ ನೀರಾಗಬೇಕು. ನೀರುಗಂಟಿಗೆ ನಿದ್ದೆ ಕೆಡುತ್ತದೆ ನಿಜ, ಆದರೆ ಹನ್ನೊಂದರ ನೀರಿನಿಂದ ನಾಲ್ಕರ ಲೆಕ್ಕ ಸಿಗುವುದಿಲ್ಲ.

ಹಾಗಂತ ಯಂತ್ರ ತಪ್ಪುವುದೇ ಇಲ್ಲವೆಂದಲ್ಲ. ಹತ್ತು ದಿನದ ಗ್ರಾಫ್ ತೆಗೆದು ನೋಡಿ. ದಿನಾ ಏರಿಳಿತ ಒಂದೇ ತರಹ ಇದ್ದರೆ ಅದು ಕೆರೆಯ ಉಸಿರು. ಏರಿಳಿತ ಕುಗ್ಗುತ್ತ ಇಡೀ ಗೆರೆ ಕೆಳಗೆ ಜಾರಿದರೆ ಪ್ರೋಬಿಗೆ (ನೀರಿನಲ್ಲಿ ಮುಳುಗಿರುವ ಅಳೆಯುವ ಕಡ್ಡಿಗೆ) ಲೋಳೆ ಹಿಡಿದಿದೆ. ಆ ಲೋಳೆಯೊಳಗಿನ ಜೀವಿಗಳು ಸೆನ್ಸರ್ ಮೂತಿಯ ಹತ್ತಿರದ ಆಮ್ಲಜನಕವನ್ನೇ ನುಂಗುತ್ತಿವೆ. ತಾನಾಗಿ ಒರೆಸುವ ವೈಪರ್ ಇದ್ದರೂ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮೆತ್ತನೆ ಬಟ್ಟೆ, ತೆಳು ಸೋಪಿನ ನೀರಿನಿಂದ ಒರೆಸಲೇಬೇಕು. ಬೆಳಕಿನಿಂದ ಆಮ್ಲಜನಕ ಅಳೆಯುವ ಆಪ್ಟಿಕಲ್ ಕ್ಯಾಪ್‌ಗೆ ಸ್ಪಿರಿಟ್ ತಾಕಿಸಬೇಡಿ, ಬ್ರಶ್ ಹಾಕಿ ಉಜ್ಜಬೇಡಿ. ಒರೆಸಿದ ಮೇಲೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ಕಾಲು ಗಂಟೆ ಇಡಿ. ಶೇ 100ರ (ನೀರು ಗಾಳಿಯಿಂದ ಹೀರಬಲ್ಲ ಪೂರ್ಣ ಪ್ರಮಾಣದ) ಆಸುಪಾಸು ತೋರಿಸಬೇಕು. ಶೇ 80 ತೋರಿಸಿದರೆ ಕ್ಯಾಲಿಬ್ರೇಶನ್ ಮಾಡಿ (ಅಳತೆ ಸರಿಹೊಂದಿಸಿ), ಕ್ಯಾಪ್‌ನ ವಯಸ್ಸೂ ನೋಡಿ. ಇನ್ನು ವಾಹಕತೆ (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬ ಅಳತೆ) ಸೊನ್ನೆಗೆ ಬಿದ್ದು ಆಮ್ಲಜನಕ ಶೇ 100ಕ್ಕೆ ಹಾರಿದರೆ ತಲೆ ಕೆಡಿಸಿಕೊಳ್ಳಬೇಡಿ: ಭದ್ರಾ ನಾಲೆ ನಿಂತು, ಕೆರೆ ಇಳಿದು, ಪ್ರೋಬ್ ಗಾಳಿಯಲ್ಲಿ ನೇತಾಡುತ್ತಿದೆ.

ಎಚ್ಚರಿಕೆಯ ಮಿತಿಯನ್ನೂ ತಿದ್ದಿಸಿ. ಶುದ್ಧೀಕರಿಸಿ ಕುಡಿಯುವ ನೀರಿನ ಮೂಲಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಿ’ ವರ್ಗದಲ್ಲಿ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು. ಅದನ್ನೇ ಯಂತ್ರಕ್ಕೆ ತುಂಬಿದರೆ ಪಾಚಿಯ ಕೆರೆ ರಾತ್ರಿಯೆಲ್ಲ ಕೂಗುತ್ತದೆ, ಎಂಟು ದಿನಕ್ಕೆ ಯಾರೂ ಫೋನ್ ಎತ್ತುವುದಿಲ್ಲ. ಕಳೆದ ವಾರ ಅದೇ ಹೊತ್ತಿಗೆ ಇದ್ದದ್ದಕ್ಕಿಂತ ಎಷ್ಟು ಇಳಿಯಿತು ಎಂಬುದನ್ನೇ ಮಿತಿಯಾಗಿ ಇಡಿಸಿ. 15 ನಿಮಿಷಕ್ಕೊಂದು ಅಳತೆಯಾದರೆ ನಾಲ್ಕು ಅಳತೆ ಸತತವಾಗಿ ಕೆಟ್ಟ ಮೇಲೆ ಕೂಗಲಿ. ಬಗ್ಗಡ ಒಂದೇ ಸಲ ನೆಗೆದು ಇಳಿದರೆ ಎಲೆಯೋ ಗುಳ್ಳೆಯೋ ಅಡ್ಡ ಬಂದಿದೆ. ಆಮ್ಲಜನಕ ಕುಸಿಯುವಾಗಲೇ ಅಮೋನಿಯಾ, ವಾಹಕತೆ ಎರಡೂ ಏರಿದರೆ ಮಾತ್ರ ಚರಂಡಿ ನೀರು ನುಗ್ಗಿದೆ ಎಂದುಕೊಂಡು ಓಡಿ.

ಹರಿಹರದ ತುಂಗಭದ್ರೆಯಂಥ ಹರಿಯುವ ನೀರಿನಲ್ಲಿ ಪ್ರೋಬ್ ಎಲ್ಲಿದೆ ಎಂಬುದೇ ಮುಖ್ಯ. ಜಾಕ್‌ವೆಲ್‌ನಿಂದ (ನದಿಯಿಂದ ನೀರೆತ್ತುವ ಬಾವಿಯಿಂದ) 5 ಕಿ.ಮೀ. ಮೇಲಿದ್ದು, ನೀರು ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಎಚ್ಚೆತ್ತುಕೊಳ್ಳಲು ನಿಮಗೆ ಸಿಗುವುದು ಎರಡೂಮುಕ್ಕಾಲು ಗಂಟೆ. ಜಾಕ್‌ವೆಲ್ ಬಾಯಲ್ಲೇ ಕೂರಿಸಿದರೆ ಕಳ್ಳ ಒಳಗೆ ಬಂದ ಮೇಲೆ ನಾಯಿ ಬೊಗಳಿದ ಹಾಗೆ.

ಇಷ್ಟೆಲ್ಲ ಸರಿಯಿದ್ದರೂ ರೋಗಾಣು ಈ ಪ್ರೋಬುಗಳಿಗೆ ಕಾಣುವುದಿಲ್ಲ. ಭತ್ತಕ್ಕೆ ಹೊಡೆದ ಕೀಟನಾಶಕವೂ ಅಷ್ಟೇ. ಅವುಗಳಿಗೆ ಲ್ಯಾಬೇ ಗತಿ. ಅಮೋನಿಯಾ ಏರಿದ ದಿನ ಅದು ಕ್ಲೋರಿನ್ನನ್ನು ನುಂಗುತ್ತದೆ. ಅಂದು ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದೆಯೇ ಎಂದು ಕೈಯಾರೆ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಡೋಸ್ ಏರಿಸಿ.