ಹೊಗೆಯ ನಾಲೆಗೆ ಅಳತೆಗೋಲು

ವಿಶ್ವೇಶ್ವರಯ್ಯ ನಾಲೆಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಹೇಳಲು ಅಗಲ, ಆಳ, ವೇಗ ಮೂರೂ ಗೊತ್ತಿರಬೇಕು ಎಂಬುದು ಮಂಡ್ಯದ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಜ್ವಾಲಾಮುಖಿ ದಿನಕ್ಕೆ ಎಷ್ಟು ಸಲ್ಫರ್ ಡೈಆಕ್ಸೈಡ್ ಕಾರುತ್ತದೆಂದು ತಿಳಿಯುವ ಲೆಕ್ಕವೂ ಇದೇ. ಆ ಅನಿಲವೂ ಈ ಸೀಮೆಗೆ ಪರಿಚಿತವೇ. ಸಕ್ಕರೆ ಕಾರ್ಖಾನೆಯಲ್ಲಿ ಗಂಧಕ ಸುಟ್ಟು, ಕಬ್ಬಿನ ಹಾಲನ್ನು ತಿಳಿಗೊಳಿಸಲು ಹಾಯಿಸುವ ಘಾಟು ಅದರದ್ದು.

ಜ್ವಾಲಾಮುಖಿಯಿಂದ ಹೆಚ್ಚಾಗಿ ಬರುವುದು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್. ಅವೆರಡೂ ಗಾಳಿಯಲ್ಲಿ ಮೊದಲೇ ಧಾರಾಳವಾಗಿರುವುದರಿಂದ ಪರ್ವತದ ಪಾಲನ್ನು ಬೇರ್ಪಡಿಸುವುದು ಕಷ್ಟ. ಸಲ್ಫರ್ ಡೈಆಕ್ಸೈಡ್ ಮಾತ್ರ ಶುದ್ಧ ಗಾಳಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಅದು 300ರಿಂದ 320 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಬೆಳಕನ್ನು ಪಟ್ಟೆಪಟ್ಟೆಯಾಗಿ ಹೀರುತ್ತದೆ.

ಕೆಲಸ ಹೀಗೆ: ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಪುಟ್ಟ ಸ್ಪೆಕ್ಟ್ರೋಮೀಟರಿನ ದೂರದರ್ಶಕವನ್ನು ನೆತ್ತಿಯತ್ತ ನಿಲ್ಲಿಸಿ, ಹೊಗೆಯ ಕೆಳಗೆ ಅಡ್ಡಲಾಗಿ ಜೀಪು ಓಡಿಸಬೇಕು. ಮೊದಲು ಮುಚ್ಚಳ ಹಾಕಿ ಕತ್ತಲೆಯ ರೋಹಿತ (ಹಾಗೆ ಬಿಡಿಸಿದ ಬೆಳಕಿನ ದಾಖಲೆ), ಆಮೇಲೆ ಹೊಗೆಯ ಹೊರಗೆ ಶುಭ್ರ ಆಕಾಶದ ರೋಹಿತ. ಇವೆರಡಿಲ್ಲದೆ ಮುಂದಿನ ಯಾವ ಅಂಕಿಗೂ ಬೆಲೆಯಿಲ್ಲ. ಓಝೋನ್ ಕೂಡ ಅದೇ ಬೆಳಕನ್ನು ಹೀರುವುದರಿಂದ ಅದರ ಪಾಲನ್ನೂ ಲೆಕ್ಕದಲ್ಲಿ ಬಿಡಿಸಬೇಕು.

ನಾಲೆಯ ಆಳದ ಜಾಗದಲ್ಲಿ ಇಲ್ಲಿರುವುದು ನೆತ್ತಿಯ ಮೇಲಿನ ಅನಿಲ; ಅದು ಸರಾಸರಿ ಚದರ ಮೀಟರಿಗೆ 0.8 ಗ್ರಾಂ, ಹೊಗೆಯ ಅಗಲ 1,000 ಮೀಟರ್, ಗಾಳಿ ಸೆಕೆಂಡಿಗೆ 8 ಮೀಟರ್ ಎನ್ನೋಣ. ಗುಣಿಸಿದರೆ ಸೆಕೆಂಡಿಗೆ 6.4 ಕಿಲೋ, ದಿನಕ್ಕೆ ಸುಮಾರು 550 ಟನ್. ಗಾಳಿ ನಿಜವಾಗಿ 10 ಮೀಟರ್ ಇದ್ದಿದ್ದರೆ? 690 ಟನ್! ಪರ್ವತ ಇದ್ದಂತೆಯೇ ಇದೆ, ಅಂಕಿ ಮಾತ್ರ ಕಾಲುಭಾಗ ಏರಿತು. ಅನಿಲ ಹೆಚ್ಚಿತೆಂದರೆ ಹೊಸ ಶಿಲಾರಸ ಮೇಲೇರುತ್ತಿರಬಹುದು. ಕೆಳಗಿನ ಹಳ್ಳಿಗಳನ್ನು ತೆರವು ಮಾಡಿಸುವ ತೀರ್ಮಾನದಲ್ಲಿ ಈ ಅಂಕಿಯೂ ಸೇರುವುದರಿಂದ ಗಾಳಿಯ ವೇಗವನ್ನು ಅಂದಾಜಿಗೆ ಬಿಡಬಾರದು. ನೆಲಮಟ್ಟದ ಗಾಳಿಯನ್ನು ನಂಬುವಂತೆಯೂ ಇಲ್ಲ, ಹೊಗೆ ಸಾಗುವ ಎತ್ತರದಲ್ಲಿ ವೇಗವೇ ಬೇರೆ. ನಾಲೆಯಲ್ಲಿ ಹುಲ್ಲುಕಡ್ಡಿ ತೇಲಿಬಿಟ್ಟು ಎರಡು ಗುರುತುಗಳ ನಡುವಿನ ಹೊತ್ತು ಎಣಿಸುವಂತೆ, ಹೊಗೆಯುದ್ದಕ್ಕೂ ಎರಡು ಉಪಕರಣ ಇಟ್ಟು ಒಂದೇ ದಟ್ಟ ಉಂಡೆ ಎರಡನ್ನೂ ದಾಟುವ ಹೊತ್ತಿನ ಅಂತರ ನೋಡುವುದು ಒಳ್ಳೆಯ ದಾರಿ.

ದೂರದಿಂದ ಓರೆಯಾಗಿ ನೋಡಿದರೆ ಇನ್ನೊಂದು ತೊಡಕು. ಹೊಗೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲಿ ಚದುರಿದ ಬೆಳಕು ಹೊಗೆಯನ್ನು ಮುಟ್ಟದೆಯೇ ಒಳಬರುತ್ತದೆ, ಅನಿಲ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಬೆಳಗ್ಗೆ, ಸಂಜೆ ಅತಿನೇರಳೆ ಬೆಳಕೇ ಸಾಲದು.

ದೊಡ್ಡ ಸ್ಫೋಟವಾದರೆ ಜೀಪಿನ ಕೆಲಸ ಮುಗಿಯಿತು, ಉಪಗ್ರಹವೇ ಗತಿ. 1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಸಿಡಿದಾಗ ಮೇಲೇರಿದ್ದು ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್. ವಾಯುಮಂಡಲದ ಮೇಲ್ಪದರದಲ್ಲಿ ಅದು ವಾರಗಳಲ್ಲಿ ಗಂಧಕಾಮ್ಲದ ಹನಿಗಳಾಗಿ ಬಿಸಿಲನ್ನು ಮರಳಿ ಕಳಿಸಿತು, ಮರುವರ್ಷ ಭೂಮಿ ಸುಮಾರು 0.5 ಡಿಗ್ರಿ ತಣ್ಣಗಾಯಿತು. ಇಂಥ ಹನಿಯನ್ನು ಬೂದಿಯಿಂದ ಬೇರೆಯೆಂದು ಗುರುತಿಸಲು ಲೇಸರ್ ನೆರವಾಗುತ್ತದೆ. ದುಂಡಗಿನ ಹನಿಯಿಂದ ಮರಳುವ ಬೆಳಕು ತನ್ನ ಕಂಪನದ ದಿಕ್ಕನ್ನು ಉಳಿಸಿಕೊಂಡಿರುತ್ತದೆ, ಮೊನಚು ಮೊನಚಾದ ಬೂದಿಯ ಕಣದಿಂದ ಮರಳಿದ್ದು ದಿಕ್ಕು ಕೆಡಿಸಿಕೊಂಡು ಬರುತ್ತದೆ.